ಹಿಂದಿನ ಕಾಲ ಯಾರಿಗೆ ಚೆನ್ನಾಗಿತ್ತು?

"ಹಿಂದಿನ ಕಾಲವೇ ಚೆನ್ನಾಗಿತ್ತು" ಎಂಬ ಮಾತು ನಮ್ಮ ಖೋಲಿಗಳಲ್ಲಿ, ಸಂಘದ ಜಗಲಿಯಲ್ಲಿ, ಗಣೇಶೋತ್ಸವದ ಚಪ್ಪರದಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಆಣೆಗೆ ಚಹ ಸಿಗುತ್ತಿತ್ತು, ಮನುಷ್ಯರಲ್ಲಿ ಪ್ರೀತಿಯಿತ್ತು ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಇನ್ನೊಂದು ಕಡೆ, ದೇಶ ಎಷ್ಟೋ ಮುಂದೆ ಹೋಯಿತು, ಇನ್ನೇನು ಬಡತನ ತೀರಿತು ಎಂಬ ಡಂಗುರ. ದುಡಿದು ತಿನ್ನುವ ನಾವು ಈ ಎರಡು ಮಾತನ್ನೂ ಹಾಗೆಯೇ ನುಂಗಬೇಕಾದ ಕಾರಣವಿಲ್ಲ.

ಮೊದಲು ಲೆಕ್ಕ ನೋಡೋಣ. ಸ್ವಾತಂತ್ರ್ಯ ಬಂದ ಹೊತ್ತಿಗೆ ಈ ದೇಶದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಇಂದು ಅದು 70ರ ಆಸುಪಾಸಿನಲ್ಲಿದೆ. ಎಲ್ಲರೂ 32ಕ್ಕೆ ಸಾಯುತ್ತಿದ್ದರು ಎಂದು ಇದರ ಅರ್ಥವಲ್ಲ. ಹಸುಗೂಸುಗಳೇ ಹೆಚ್ಚು ಸಾಯುತ್ತಿದ್ದವು. ಎಂಟು ಹೆತ್ತೆ, ನಾಲ್ಕು ಉಳಿದವು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಸಾವಿರ ಮಕ್ಕಳು ಹುಟ್ಟಿದರೆ ವರ್ಷ ತುಂಬುವುದರೊಳಗೆ ಸಾಯುತ್ತಿದ್ದವರು 1951ರ ಸುಮಾರಿಗೆ 146, 2020ರಲ್ಲಿ 28. ಊರಿಗೆ ಊರನ್ನೇ ಗುಡಿಸಿಹಾಕುತ್ತಿದ್ದ ಸಿಡುಬು 1975ರ ನಂತರ ಈ ದೇಶದಲ್ಲಿ ಒಬ್ಬನನ್ನೂ ಮುಟ್ಟಿಲ್ಲ. 1951ರಲ್ಲಿ ನೂರರಲ್ಲಿ 18 ಜನ ಓದಬಲ್ಲವರಿದ್ದರು, 2011ರಲ್ಲಿ 74 ಜನ. ಇದನ್ನೆಲ್ಲ ಅಲ್ಲಗಳೆದು ಹಿಂದಿನ ಕಾಲವನ್ನು ಹೊಗಳುವವರು, ಆ ಕಾಲದಲ್ಲಿ ತಾವು ಉಳಿದ ನಾಲ್ವರಲ್ಲಿ ಒಬ್ಬರು ಎಂಬುದನ್ನು ಮರೆತಿದ್ದಾರೆ.

ಅನ್ನದ ಮಾತೂ ಅಷ್ಟೇ. 1965ರಲ್ಲಿ ಲಾಲ ಬಹಾದುರ ಶಾಸ್ತ್ರಿಯವರು ಸೋಮವಾರ ಸಂಜೆ ಒಂದು ಹೊತ್ತಿನ ಊಟ ಬಿಡಿರೆಂದು ದೇಶವನ್ನು ಕೇಳಿಕೊಂಡಾಗ ಹೊಟೇಲುಗಳೂ ಆ ಸಂಜೆ ಬಾಗಿಲು ಹಾಕಿದವು. ಮರುವರ್ಷ ಒಂದು ಕೋಟಿ ಟನ್ನಿನಷ್ಟು ಧಾನ್ಯ ಹಡಗಿನಲ್ಲಿ ಹೊರದೇಶದಿಂದ ಬಂತು. 1951ರಿಂದ 2011ರವರೆಗೆ ಜನ 36 ಕೋಟಿಯಿಂದ 121 ಕೋಟಿಗೆ ಏರಿದರು. ಧಾನ್ಯ 5 ಕೋಟಿ ಟನ್ನಿನಿಂದ 24 ಕೋಟಿ ಟನ್ನಿಗೆ ಏರಿತು. ಬಾಯಿಗಿಂತ ತುತ್ತು ವೇಗವಾಗಿ ಬೆಳೆಯಿತು.

ಆದರೆ ನಮ್ಮವರಿಗೆ ಎಲ್ಲಕ್ಕಿಂತ ಹತ್ತಿರದ ಬದಲಾವಣೆ ಬೇರೆಯೇ ಇದೆ. ನಮ್ಮ ಹಿರಿಯರು ಹತ್ತು ಹನ್ನೆರಡರ ವಯಸ್ಸಿನಲ್ಲಿ ಮುಂಬಯಿಗೆ ಬಂದು ಕಪ್ಪುಬಸಿ ತೊಳೆದದ್ದು ಏಕೆ? ಬೇರೆಯವರ ಗದ್ದೆಯಲ್ಲಿ ದುಡಿದು, ಗೇಣಿಯ ಅಕ್ಕಿ ಮುಡಿಗಳನ್ನು ಧಣಿಯ ಅಂಗಳಕ್ಕೆ ಹೊತ್ತು ಹಾಕಿದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದುದು ಮಳೆಗಾಲ ಕಳೆಯಲು ಸಾಲುತ್ತಿರಲಿಲ್ಲ. ಒಂದು ಬಾಯಿ ಕಡಮೆಯಾಗಲಿ ಎಂದು ಹುಡುಗನನ್ನು ಊರಿನ ಯಾರದೋ ಜೊತೆ ಕಳುಹಿಸುತ್ತಿದ್ದರು. ಹೊಟೇಲಿನಲ್ಲಿ ಹೊಟ್ಟೆಗೆ ಬೀಳುತ್ತದೆ, ಅದೇ ಸಂಬಳ! ರಾತ್ರಿ ಮೇಜುಗಳನ್ನು ಜೋಡಿಸಿ ಮಲಗುವುದು, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ರುಬ್ಬುವ ಕಲ್ಲಿನ ಮುಂದೆ ಕೂರುವುದು. ಪುಣ್ಯವಂತರು ರಾತ್ರಿ ಶಾಲೆ ಸೇರಿ ನಾಲ್ಕಕ್ಷರ ಕಲಿತರು.

1974ರ ಮಾರ್ಚಿ 1ರಂದು ಜಾರಿಗೆ ಬಂದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿಯಿಂದ ದಕ್ಷಿಣ ಕನ್ನಡದ ಸಾವಿರಾರು ಒಕ್ಕಲುಗಳು ತಾವು ಉಳುವ ಗದ್ದೆಗೆ ತಾವೇ ಒಡೆಯರಾದರು. (ಗೇಣಿಯನ್ನೇ ನಂಬಿದ್ದ ಸಣ್ಣ ಒಡೆಯರ ಮಕ್ಕಳು ಅದೇ ಕಾರಣದಿಂದ ಹೊಟೇಲು ಸೇರಿದ್ದೂ ಉಂಟು, ಅದನ್ನು ಮರೆಮಾಚುವ ಅಗತ್ಯವಿಲ್ಲ.) 2002-03ರಲ್ಲಿ ಶಾಲೆಯಲ್ಲೇ ಬಿಸಿಯೂಟ ಬಂತು. ಹುಡುಗ ಯಾವ ಅನ್ನಕ್ಕಾಗಿ ಊರು ಬಿಡುತ್ತಿದ್ದನೋ ಆ ಅನ್ನ ಪಾಠದ ಕೋಣೆಯ ಪಕ್ಕಕ್ಕೇ ಬಂದು ಕುಳಿತಿತು. 2006ರ ಅಕ್ಟೋಬರ 10ರಿಂದ ಹೊಟೇಲು, ಢಾಬಾಗಳಲ್ಲಿ 14ರ ಒಳಗಿನ ಮಕ್ಕಳನ್ನು ದುಡಿಸುವುದು ಅಪರಾಧವಾಯಿತು. ಗದ್ದೆ, ಬಿಸಿಯೂಟ, ಕಾನೂನು, ಇವು ಮೂರೂ ಕೂಡಿದ ಮೇಲೆ ನಮ್ಮ ಊರಿನ ಹುಡುಗರು ಬರುವುದು ಕಡಮೆಯಾಯಿತು. "ನಮ್ಮವರು ಈಗ ಹೊಟೇಲಿಗೆ ಸಿಗುವುದಿಲ್ಲ" ಎಂದು ಯಜಮಾನರು ಗಲ್ಲೆಯಲ್ಲಿ ಕುಳಿತು ಗೊಣಗಲಿ. ನಾವು ಏಕೆ ಗೊಣಗಬೇಕು?

ಇಷ್ಟನ್ನು ಹೇಳಿದ ಮೇಲೆ ಗಿರಣಿಯ ಬಂಧುಗಳು ನಮ್ಮನ್ನು ತಡೆದು ಕೇಳುವುದು ನ್ಯಾಯವೇ ಆಗಿದೆ: ನಮ್ಮ ಕಥೆ ಏನು? ಗಿರಣಿಯಲ್ಲಿ ಎಂಟು ಗಂಟೆಯ ಪಾಳಿ, ಪ್ರಾವಿಡೆಂಟ್ ಫಂಡು, ಬೋನಸ್ಸು, ವಿಮಾ ಆಸ್ಪತ್ರೆ ಇದ್ದವು. ಹೊಟೇಲಿನವರು ಅವರ ಭಾಗ್ಯವನ್ನು ನೋಡಿ ಕರುಬುತ್ತಿದ್ದರು. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಕಾಮಗಾರರು ಮುಷ್ಕರ ಹೂಡಿದರು. ಬಹಳ ಮಂದಿ ಮತ್ತೆ ಒಳಗೆ ಕಾಲಿಡಲೇ ಇಲ್ಲ. ಅಪ್ಪ ಮಗ್ಗ ನಡೆಸಿದ ಜಾಗದಲ್ಲಿ ಇಂದು ಗಾಜಿನ ಕಟ್ಟಡ ನಿಂತಿದೆ, ಮಗ ಅದೇ ಕಟ್ಟಡಕ್ಕೆ ಊಟದ ಪೊಟ್ಟಣ ಮುಟ್ಟಿಸುತ್ತಾನೆ. ಅವನನ್ನು ಕಂಪನಿ ಕಾಮಗಾರನೆಂದು ಕರೆಯುವುದಿಲ್ಲ, "ಪಾಲುದಾರ"ನೆನ್ನುತ್ತದೆ. ಯಾವುದರಲ್ಲಿ ಪಾಲೋ! ಅಪ್ಪನಿಗಿಂತ ಮಗ ಹೆಚ್ಚು ಓದಿದ್ದಾನೆ, ಹೆಚ್ಚು ವರ್ಷ ಬದುಕುತ್ತಾನೆ. ಅಪ್ಪನಿಗಿದ್ದ ಪಾಳಿಯೂ ಇಲ್ಲ, ಫಂಡೂ ಇಲ್ಲ. ಆಯುಸ್ಸು ಏರಿದೆ, ಆಸರೆ ಇಳಿದಿದೆ. ಲೆಕ್ಕದ ಪುಸ್ತಕದಲ್ಲಿ ಈ ಎರಡನೆಯ ಕಲಮು ಇರುವುದಿಲ್ಲ.

ಹೊಟೇಲಿನಲ್ಲಿಯೂ ಬಡತನ ಹೋಗಿಲ್ಲ, ಊರು ಬದಲಿಸಿದೆ. ಕುಂದಾಪುರದಿಂದ, ಕಾರ್ಕಳದಿಂದ ಬರುತ್ತಿದ್ದವನ ಜಾಗಕ್ಕೆ ಈಗ ಒಡಿಶಾ, ಝಾರಖಂಡ, ನೇಪಾಳಗಳಿಂದ ಹುಡುಗರು ಬಂದಿದ್ದಾರೆ. ರುಬ್ಬುವ ಕಲ್ಲು ಹೋಗಿ ಯಂತ್ರ ಬಂದಿದೆ, ದುಡಿಮೆಯ ಗಂಟೆ ಇಳಿದಿಲ್ಲ. 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾನೂನು ಚಿಕ್ಕ ಜಾಗಗಳಿಗೂ ಅನ್ವಯಿಸುತ್ತಿತ್ತು. ಅದರ ಬದಲಿಗೆ 2017ರಲ್ಲಿ ಬಂದ ಕಾನೂನು, ಹತ್ತಕ್ಕಿಂತ ಕಡಮೆ ಆಳುಗಳಿರುವ ಕಡೆ ಬರಿಯ ಸೂಚನೆ ಕೊಟ್ಟರೆ ಸಾಕೆಂದಿತು. ಎಂಟು ಜನರ ಚಿಕ್ಕ ಹೊಟೇಲಿನಲ್ಲಿ ಹದಿನಾಲ್ಕು ಗಂಟೆ ದುಡಿಯುವವನ ಪಾಡು ಯಾರಿಗೆ ಬೇಕು?

ನಮಗೆ ಬೇಕು ಎಂಬುದು ನಮ್ಮ ಅಭಿಪ್ರಾಯ. ಇದು ಕನ್ನಡಿಗರ ಸಂಘ, ಪರಭಾಷೆಯವರಿಗೇಕೆ ಎಂದು ಕೆಲವು ಸದಸ್ಯರು ಕೇಳುತ್ತಾರೆ. ನಾವು ಮುಂಬಯಿಗೆ ಬಂದಾಗ ಮರಾಠಿ ಕಾಮಗಾರರು ತಮ್ಮ ಸಭೆಗಳಲ್ಲಿ ನಮಗೆ ಚಾಪೆ ಹಾಸಿದ್ದರು, ಭಾಷೆ ಕೇಳಿರಲಿಲ್ಲ. ಕನ್ನಡ ಉಳಿಯಲಿ, ಪತ್ರಿಕೆ ಕನ್ನಡದಲ್ಲೇ ಬರಲಿ. ಸದಸ್ಯತ್ವದ ಅರ್ಜಿಯನ್ನು ಮಾತ್ರ ಹಿಂದಿ, ಒಡಿಯಾಗಳಲ್ಲಿ ಅಚ್ಚು ಹಾಕಿಸಬೇಕು. ಸಂಜೆ ಖಾಲಿ ಬಿದ್ದಿರುವ ನಮ್ಮ ಕೋಣೆಯಲ್ಲಿ ಆ ಹುಡುಗರಿಗೆ ಓದು ಬರಹದ ತರಗತಿ ತೆರೆಯಬೇಕು. ಬರುವ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಎರಡು ಠರಾವುಗಳನ್ನು ಮಂಡಿಸುತ್ತೇವೆ. ವಿರೋಧಿಸುವವರು ಸಹ ಆ ದಿನ ತಪ್ಪದೆ ಬಂದು ಮಾತಾಡಬೇಕೆಂದು ವಿನಂತಿ.