ಮೊಬೈಲ್, ಮಿದುಳು ಮತ್ತು ಭಯದ ಲೆಕ್ಕಾಚಾರ

ಮೊಬೈಲ್ ಫೋನ್ ಬಳಕೆಯಿಂದ ಮಿದುಳಿನ ಕ್ಯಾನ್ಸರ್ ಬರುತ್ತದೆಯೇ ಎಂಬ ಪ್ರಶ್ನೆ ಸಾರ್ವಜನಿಕ ಚರ್ಚೆಗೆ ಬಂದು ಮೂರು ದಶಕಗಳು ಕಳೆದಿವೆ. 1993ರ ಜನವರಿಯಲ್ಲಿ ಅಮೆರಿಕದ ಟೆಲಿವಿಷನ್ ಕಾರ್ಯಕ್ರಮವೊಂದರಲ್ಲಿ, ಪತ್ನಿಯನ್ನು ಮಿದುಳಿನ ಗೆಡ್ಡೆಗೆ ಕಳೆದುಕೊಂಡ ವ್ಯಕ್ತಿಯೊಬ್ಬರು ಆಕೆ ಕಿವಿಗೆ ಹಿಡಿಯುತ್ತಿದ್ದ ಫೋನೇ ಸಾವಿಗೆ ಕಾರಣವೆಂದು ಹೇಳಿದರು. ಮೊಬೈಲ್ ಕಂಪನಿಗಳ ಷೇರುಗಳ ಬೆಲೆ ಕುಸಿಯಿತು. ಸಾಕ್ಷ್ಯ ಸಾಲದೆಂದು 1995ರಲ್ಲಿ ನ್ಯಾಯಾಲಯ ಅವರ ದಾವೆಯನ್ನು ತಳ್ಳಿಹಾಕಿತು. ದಾವೆ ಬಿದ್ದುಹೋಯಿತು, ಭಯ ಉಳಿಯಿತು.

ಕಾಕತಾಳೀಯವೆಂಬಂತೆ ಅದೇ 1995ರ ಜುಲೈ 31ರಂದು ನಮ್ಮ ದೇಶದ ಮೊದಲ ಮೊಬೈಲ್ ಕರೆ ಹೋಯಿತು. ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತದಿಂದ, ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್‌ರಾಮ್ ಅವರೊಡನೆ ಮಾತನಾಡಿದರು. ಬಂದ ಕರೆಗೂ ಹಣ ತೆರಬೇಕಾಗಿದ್ದ ಆ ದಿನಗಳಲ್ಲಿ ಮೊಬೈಲ್ ಹಿಡಿದವರು ಮಾತನ್ನು ಕಾಸಿನಂತೆ ಎಣಿಸಿ ಖರ್ಚು ಮಾಡುತ್ತಿದ್ದರು. 2003ರಲ್ಲಿ ಒಳಬರುವ ಕರೆಗಳು ಉಚಿತವಾದವು. ಇಂದು ದೇಶದಲ್ಲಿರುವ ಸಂಪರ್ಕಗಳ ಸಂಖ್ಯೆ ನೂರು ಕೋಟಿಯನ್ನು ದಾಟಿದೆ. ಯಾವ ಪ್ರಯೋಗಾಲಯವೂ ಯೋಜಿಸಲಾಗದಷ್ಟು ದೊಡ್ಡ ಪ್ರಯೋಗವೊಂದು ಯಾರ ಅನುಮತಿಯನ್ನೂ ಕೇಳದೆ ನಡೆದುಹೋಗಿದೆ. ಅದರ ಫಲಿತಾಂಶವೇನು ಎಂದು ಕೇಳುವ ಹಕ್ಕು ನಾಗರಿಕರಿಗೆ ಇದ್ದೇ ಇದೆ.

ಮೊದಲು ಒಂದು ಶಬ್ದದ ತೊಡಕು. ಎಕ್ಸ್‌ರೇಯನ್ನೂ ರೇಡಿಯೊ ತರಂಗವನ್ನೂ ನಾವು ‘ವಿಕಿರಣ’ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಗೊಂದಲದ ಅರ್ಧ ಪಾಲು ಭಾಷೆಯಲ್ಲೇ ಅಡಗಿದೆ. ಎಕ್ಸ್‌ರೇಗೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೆಸೆದು ಡಿಎನ್ಎಯ ಬಂಧವನ್ನು ಮುರಿಯುವ ಶಕ್ತಿಯಿದೆ. ಮೊಬೈಲ್ ಬಳಸುವ ತರಂಗಗಳ ಕಣಶಕ್ತಿ ಅದಕ್ಕೆ ಬೇಕಾದುದಕ್ಕಿಂತ ಲಕ್ಷಾಂತರ ಪಟ್ಟು ಕಡಿಮೆ. ಅವು ಖಚಿತವಾಗಿ ಮಾಡುವ ಕೆಲಸವೆಂದರೆ ಅಂಗಾಂಶವನ್ನು ಅತ್ಯಲ್ಪವಾಗಿ ಬಿಸಿ ಮಾಡುವುದು. ಭೌತಶಾಸ್ತ್ರ ಇಷ್ಟು ಹೇಳಿದ ಮೇಲೆ ಪ್ರಶ್ನೆ ಮುಗಿಯಬೇಕಾಗಿತ್ತು ಎನ್ನುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಕಾರಣದ ಕೊಂಡಿ ಗೊತ್ತಾಗುವ ಮೊದಲೇ ರೋಗಿಗಳನ್ನು ಎಣಿಸಿ ತಂಬಾಕಿನ ಅಪಾಯವನ್ನು ಕಂಡುಕೊಂಡ ಉದಾಹರಣೆ 1950ರ ಬ್ರಿಟನ್‌ನಲ್ಲಿದೆ. ಆದ್ದರಿಂದ ಇಲ್ಲಿಯೂ ಎಣಿಸಲೇಬೇಕು.

ಎಣಿಕೆಯೇನೂ ಕಡಿಮೆ ನಡೆದಿಲ್ಲ. ಅವುಗಳಲ್ಲಿ ಬಹು ಚರ್ಚಿತವಾದದ್ದು 13 ದೇಶಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ‘ಇಂಟರ್‌ಫೋನ್’ ಅಧ್ಯಯನ. ಮಿದುಳಿನ ಗೆಡ್ಡೆಯಿದ್ದವರನ್ನೂ ಇಲ್ಲದವರನ್ನೂ ಅವರ ಹಿಂದಿನ ಮೊಬೈಲ್ ಬಳಕೆಯ ಬಗ್ಗೆ ಕೇಳಿ ಹೋಲಿಸುವುದು ಅದರ ವಿಧಾನ. ಗ್ಲಿಯೋಮಾ ಎಂಬ ಗೆಡ್ಡೆಯ 2,708 ಪ್ರಕರಣಗಳನ್ನು ಅದು ಪರಿಶೀಲಿಸಿತು. ಹೊರಬಂದ ಉತ್ತರ ವಿಚಿತ್ರವಾಗಿತ್ತು. ನಿಯಮಿತವಾಗಿ ಮೊಬೈಲ್ ಬಳಸುವವರಲ್ಲಿ ಈ ಗೆಡ್ಡೆಯ ಸಂಭವ ಬಳಸದವರಿಗಿಂತ ಶೇ 19ರಷ್ಟು ಕಡಿಮೆ ಎಂದಿತು ಲೆಕ್ಕ! ಆದರೆ ಒಟ್ಟು 1,640 ಗಂಟೆಗಳಿಗೂ ಮಿಕ್ಕಿ ಮಾತನಾಡಿದ್ದೇವೆ ಎಂದವರ ಗುಂಪಿನಲ್ಲಿ ಮಾತ್ರ ಅದು ಶೇ 40ರಷ್ಟು ಹೆಚ್ಚಾಗಿತ್ತು. ಮೊಬೈಲ್ ಮಿದುಳನ್ನು ಕಾಪಾಡುತ್ತದೆ ಎಂದು ಯಾವ ವಿವೇಕಿಯೂ ನಂಬುವುದಿಲ್ಲ. ಹಾಗಿದ್ದರೆ ಮೊದಲ ಅಂಕಿಯನ್ನು ವಿಧಾನದ ದೋಷವೆಂದು ಬದಿಗಿಟ್ಟು ಎರಡನೆಯದನ್ನು ಮಾತ್ರ ಸತ್ಯವೆಂದು ಎತ್ತಿ ಹಿಡಿಯುವುದು ಯಾವ ನ್ಯಾಯ? ಆ ದೊಡ್ಡ ಬಳಕೆದಾರರಲ್ಲಿ ಕೆಲವರು ದಿನಕ್ಕೆ 12 ಗಂಟೆಗೂ ಹೆಚ್ಚು ಮಾತನಾಡುತ್ತಿದ್ದೆವೆಂದು ಹೇಳಿಕೊಂಡಿದ್ದರು ಎಂಬುದನ್ನೂ ಓದುಗರು ಗಮನಿಸಬೇಕು.

ನೆನಪಿನ ಮೇಲೆ ನಿಂತ ಅಂಕಿಅಂಶದ ಕಷ್ಟ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಹೊಸದಲ್ಲ. 1999-2000ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 55ನೇ ಸುತ್ತಿನಲ್ಲಿ ಆಹಾರದ ವೆಚ್ಚವನ್ನು ಏಳು ದಿನಗಳಿಗೂ ಮೂವತ್ತು ದಿನಗಳಿಗೂ ಒಂದೇ ಮನೆಯಲ್ಲಿ ಕೇಳಿದ್ದರಿಂದ ಉತ್ತರಗಳು ಕಲಸಿಹೋದವು. ದೇಶದಲ್ಲಿ ಬಡತನ ನಿಜವಾಗಿ ಎಷ್ಟು ಇಳಿಯಿತು ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಕಳೆದ ತಿಂಗಳು ಎಷ್ಟು ಬೇಳೆ ಕೊಂಡೆವು ಎಂಬುದೇ ನೆನಪಿರದ ಮನುಷ್ಯನನ್ನು, ಹತ್ತು ವರ್ಷಗಳ ಹಿಂದೆ ಯಾವ ಕಿವಿಗೆ ಎಷ್ಟು ನಿಮಿಷ ಫೋನ್ ಹಿಡಿದಿದ್ದೆ ಎಂದು ಕೇಳಿದರೆ ಏನು ಹೇಳಿಯಾನು? ಅದರಲ್ಲೂ ತಲೆಯ ಶಸ್ತ್ರಚಿಕಿತ್ಸೆಗೆ ಒಳಗಾಗಿ, ತನಗೇ ಏಕೆ ಹೀಗಾಯಿತೆಂದು ಕಾರಣ ಹುಡುಕುತ್ತಿರುವ ರೋಗಿ?

ಹಾಗಾಗಿ ನೆನಪನ್ನು ನೆಚ್ಚದ ಅಧ್ಯಯನಗಳಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಡೆನ್ಮಾರ್ಕ್‌ನಲ್ಲಿ 3,58,403 ಚಂದಾದಾರರ ದಾಖಲೆಗಳನ್ನು ಕ್ಯಾನ್ಸರ್ ನೋಂದಣಿಯೊಡನೆ ಜೋಡಿಸಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮಿದುಳಿನ ಗೆಡ್ಡೆಗಳು ಹೆಚ್ಚಿದ ಗುರುತಿರಲಿಲ್ಲ. ಕಂಪನಿಯ ಹೆಸರಿನಲ್ಲಿ ಫೋನ್ ಪಡೆದವರನ್ನು, ಅಂದರೆ ಆ ಕಾಲದ ಅತಿ ಹೆಚ್ಚಿನ ಬಳಕೆದಾರರನ್ನು, ಅದು ಬಳಕೆದಾರರ ಲೆಕ್ಕದಿಂದ ಬಿಟ್ಟಿತ್ತೆಂಬ ಆಕ್ಷೇಪ ನ್ಯಾಯವಾದದ್ದೇ. ಬ್ರಿಟನ್ನಿನಲ್ಲಿ ಏಳೂಮುಕ್ಕಾಲು ಲಕ್ಷ ಮಹಿಳೆಯರನ್ನು ಮೊದಲೇ ಪ್ರಶ್ನಿಸಿ, ಆಮೇಲೆ ವರ್ಷಗಳ ಕಾಲ ಗಮನಿಸಿದ ಅಧ್ಯಯನದ 2022ರ ವರದಿಯೂ ವ್ಯತ್ಯಾಸ ಕಾಣಲಿಲ್ಲ. ಯುರೋಪಿನ ಐದು ದೇಶಗಳ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ ‘ಕಾಸ್ಮಾಸ್’ ಅಧ್ಯಯನ 2024ರಲ್ಲಿ ಅದನ್ನೇ ಹೇಳಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ 63 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ತಜ್ಞರು, ಹತ್ತು ವರ್ಷಕ್ಕೂ ಮಿಕ್ಕಿ ಬಳಸಿದವರಲ್ಲಿಯೂ ಮಿದುಳಿನ ಕ್ಯಾನ್ಸರ್ ಮತ್ತು ಮೊಬೈಲ್ ನಡುವೆ ಸಂಬಂಧ ತೋರಲಿಲ್ಲವೆಂದು ತೀರ್ಮಾನಿಸಿದರು. ಭಯದ ಸುದ್ದಿಗೆ ಸಿಗುವ ಜಾಗದ ಕಾಲು ಭಾಗವೂ ಈ ತೀರ್ಮಾನಕ್ಕೆ ಪತ್ರಿಕೆಗಳಲ್ಲಿ ಸಿಕ್ಕಂತಿಲ್ಲ.

ಎದುರು ಪಕ್ಷದ ಸಾಕ್ಷ್ಯವನ್ನು ಮುಚ್ಚಿಡುವುದು ತರವಲ್ಲ. ಸ್ವೀಡನ್ನಿನ ಲೆನಾರ್ಟ್ ಹಾರ್ಡೆಲ್ ಅವರ ತಂಡ ಹಲವು ಬಾರಿ ಅಪಾಯ ಹೆಚ್ಚೆಂದೇ ವರದಿ ಮಾಡಿದೆ. ಅದರ ವಿಧಾನವೂ ರೋಗಿಗಳ ನೆನಪನ್ನೇ ಆಧರಿಸಿದ್ದು. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ ದಿನಕ್ಕೆ ಒಂಬತ್ತು ಗಂಟೆಯಂತೆ ಎರಡು ವರ್ಷ ಇಲಿಗಳ ಇಡೀ ದೇಹಕ್ಕೆ ತರಂಗಗಳನ್ನು ಹಾಯಿಸಿ, 2018ರಲ್ಲಿ ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆ ಕಂಡದ್ದಕ್ಕೆ ‘ಸ್ಪಷ್ಟ’ ಸಾಕ್ಷ್ಯವಿದೆಯೆಂದೂ, ಮಿದುಳಿನ ಗೆಡ್ಡೆಗೆ ‘ಸ್ವಲ್ಪ’ ಸಾಕ್ಷ್ಯವಿದೆಯೆಂದೂ ಹೇಳಿತು. ಹೆಣ್ಣು ಇಲಿಗಳಲ್ಲಿ ಹಾಗೆ ಕಾಣಲಿಲ್ಲ. ತರಂಗಕ್ಕೆ ಒಡ್ಡಿದ ಗಂಡು ಇಲಿಗಳು ಒಡ್ಡದವುಗಳಿಗಿಂತ ಹೆಚ್ಚು ಕಾಲ ಬದುಕಿದವು ಎಂಬ ಸಂಗತಿಯೂ ಅದೇ ವರದಿಯಲ್ಲಿದೆ, ಅದನ್ನು ಯಾರೂ ಮನವಿ ಪತ್ರಗಳಲ್ಲಿ ಉದ್ಧರಿಸುವುದಿಲ್ಲ.

ಹಾಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವೇ 2011ರ ಮೇ ತಿಂಗಳಲ್ಲಿ ಮೊಬೈಲ್ ತರಂಗಗಳನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತಲ್ಲ ಎಂದು ಕೇಳಬಹುದು. ಸೇರಿಸಿದ್ದು ‘2ಬಿ’ ಎಂಬ ಗುಂಪಿಗೆ: ‘ಕ್ಯಾನ್ಸರ್ ತರುವ ಸಾಧ್ಯತೆ ಇದ್ದರೂ ಇರಬಹುದು’ ಎಂಬ ಅರ್ಥದ ಗುಂಪು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಈ ಗುಂಪುಗಳು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತವೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಸಾಕ್ಷ್ಯ ಅತ್ಯಂತ ಗಟ್ಟಿಯಾಗಿರುವ ಮೊದಲ ಗುಂಪಿನಲ್ಲಿ ತಂಬಾಕು, ಮದ್ಯ, ಮತ್ತು (ಮಲೆನಾಡಿನ ನಂಟರು ಕ್ಷಮಿಸಬೇಕು) ನಮ್ಮ ಅಡಿಕೆ ಇವೆ. ಅಡಿಕೆ ಜಗಿಯುತ್ತಲೇ ಟವರ್ ವಿರುದ್ಧ ಸಹಿ ಹಾಕುವವರನ್ನು ನಾನು ಕಂಡಿದ್ದೇನೆ.

ಪ್ರಮಾಣದ ಮಾತನ್ನೂ ಆಡಿಬಿಡಬೇಕು. ಗ್ಲಿಯೋಮಾ ಅಪರೂಪದ ರೋಗ. ವಾದಕ್ಕಾಗಿ ವರ್ಷಕ್ಕೆ ಲಕ್ಷ ಜನರಲ್ಲಿ ಐವರಿಗೆ ಅದು ಬರುತ್ತದೆ ಎಂದಿಟ್ಟುಕೊಳ್ಳೋಣ; ಇಂಟರ್‌ಫೋನ್ ವರದಿಯ ಅತಿ ಕೆಟ್ಟ ಅಂಕಿಯನ್ನೇ ನಿಜವೆಂದು ಒಪ್ಪೋಣ. ಆಗ ಐದು ಏಳಾಗುತ್ತದೆ, ಅದೂ ಅತಿ ಹೆಚ್ಚು ಮಾತನಾಡುವ ಹತ್ತನೇ ಒಂದು ಭಾಗದ ಜನರಲ್ಲಿ. ಆ ಇಬ್ಬರ ಮನೆಯವರಿಗೆ ಅದು ಸಣ್ಣ ಸಂಖ್ಯೆಯಲ್ಲ ಎಂಬುದನ್ನು ಬಲ್ಲೆ. ಆದರೆ 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ ಮಂದಿ. ವಾಹನ ಓಡಿಸುವಾಗ ಫೋನ್ ಬಳಸಿದರೆ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಫೋನಿನಿಂದ ತಲೆಗೆ ಆಗುವ ಹಾನಿಯೆಂದರೆ ನಮ್ಮಲ್ಲಿ ಮುಖ್ಯವಾಗಿ ಇದೇ.

ಇನ್ನು ಟವರ್‌ಗಳ ವಿಷಯ. ಭಯದ ದೊಡ್ಡ ಪಾಲು ಕಿವಿಯಲ್ಲಿರುವ ಫೋನಿನ ಮೇಲಲ್ಲ, ಎದುರು ಮನೆಯ ತಾರಸಿಯ ಮೇಲಿರುವ ಕಂಬದ ಮೇಲೆ ಇದೆ. ಭೌತಶಾಸ್ತ್ರದ ದೃಷ್ಟಿಯಿಂದ ಇದು ತಲೆಕೆಳಗಾದ ಭಯ. ದೂರ ಎರಡು ಪಟ್ಟಾದರೆ ತರಂಗದ ತೀವ್ರತೆ ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ತಲೆಗೆ ತಗಲುವ ಶಕ್ತಿಯ ಬಹುಪಾಲು ತಲೆಗೇ ಒತ್ತಿಹಿಡಿದ ಫೋನಿನಿಂದ ಬರುತ್ತದೆ. ಫೋನು ತನ್ನ ಧ್ವನಿಯನ್ನು ಟವರ್‌ನ ದೂರಕ್ಕೆ ತಕ್ಕಂತೆ ಏರಿಸಿ ಇಳಿಸುವ ಯಂತ್ರ. ಟವರ್ ಹತ್ತಿರವಿದ್ದರೆ ಪಿಸುಗುಡುತ್ತದೆ, ದೂರವಿದ್ದರೆ ಕೂಗುತ್ತದೆ. ಬಡಾವಣೆಯಿಂದ ಟವರ್ ಓಡಿಸಿದ ಜನ ತಮ್ಮ ಕಿವಿಯ ಬಳಿ ಆ ಕೂಗನ್ನು ಹೆಚ್ಚಿಸಿಕೊಂಡಂತಾಗುತ್ತದೆ. ಅಂಗಡಿಗಳಲ್ಲಿ ಮಾರುವ ‘ವಿಕಿರಣ ನಿರೋಧಕ’ ಸ್ಟಿಕ್ಕರುಗಳ ಕತೆಯೂ ಇದೇ. ಅಂಥ ಪಟ್ಟಿಗಳನ್ನು ಮಾರಿದವರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲೇ ಮೊಕದ್ದಮೆ ಹೂಡಿತ್ತು.

ಆದರೂ ಟವರ್ ವಿರೋಧಿಸುವವರನ್ನು ಅಜ್ಞಾನಿಗಳೆಂದು ಹೀಗಳೆಯಲು ನನಗೆ ಮನಸ್ಸಿಲ್ಲ. ತಾರಸಿಯನ್ನು ಕೊಟ್ಟ ಮನೆಮಾಲೀಕನಿಗೆ ತಿಂಗಳ ಬಾಡಿಗೆ, ಕಂಪನಿಗೆ ಗ್ರಾಹಕ. ಪಕ್ಕದ ಮನೆಯವರಿಗೆ ಡೀಸೆಲ್ ಜನರೇಟರಿನ ಸದ್ದು, ಹಳೆಯ ಕಟ್ಟಡ ಆ ಭಾರ ತಾಳುತ್ತದೆಯೇ ಎಂಬ ಆತಂಕ, ನಿವೇಶನದ ಬೆಲೆ ಇಳಿದೀತೆಂಬ ಚಿಂತೆ. ಲಾಭ ಒಬ್ಬರಿಗೆ, ಹೊರೆ ಇನ್ನೊಬ್ಬರಿಗೆ. ಅವರನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಸದ್ದಿನ ದೂರಿಗೆ ಕಚೇರಿಗಳಲ್ಲಿ ಕಿವಿಯಿಲ್ಲ, ಕ್ಯಾನ್ಸರ್ ಎಂದರೆ ಕಡತ ಕದಲುತ್ತದೆ. ಆಡಳಿತದಲ್ಲಿ ಮೂರು ದಶಕ ಕಳೆದವನಾಗಿ ಈ ಕುಶಲತೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಬಡಾವಣೆಯ ಸಂಘದವರು ಇಂಥದೊಂದು ಮನವಿಯನ್ನು ತಂದಾಗ, ‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂಬ ಸಾಲನ್ನು ಹೊಡೆದುಹಾಕಿ, ಕಟ್ಟಡದ ದೃಢತೆಯ ಪ್ರಮಾಣಪತ್ರ, ಪರವಾನಗಿಯ ಪ್ರತಿ, ಜನರೇಟರಿನ ಸಮಯ ಇವನ್ನು ಕೇಳುವ ಮೂರು ಸಾಲುಗಳನ್ನು ಬರೆದುಕೊಟ್ಟು ಸಹಿ ಹಾಕಿದೆ. ಕೆಲವರಿಗೆ ಅದು ಸಪ್ಪೆಯೆನಿಸಿತು.

ನ್ಯಾಯಾಲಯಗಳು ಈ ವಿಷಯದಲ್ಲಿ ಒಂದೇ ದಿಕ್ಕಿನಲ್ಲಿ ನಡೆದಿಲ್ಲ. ರಾಜಸ್ಥಾನ ಹೈಕೋರ್ಟ್ 2012ರಲ್ಲಿ ಶಾಲೆ, ಆಸ್ಪತ್ರೆಗಳ ಬಳಿಯ ಟವರ್‌ಗಳನ್ನು ತೆಗೆಯಲು ಆದೇಶಿಸಿತು. 2017ರಲ್ಲಿ ಸುಪ್ರೀಂ ಕೋರ್ಟ್ ಕ್ಯಾನ್ಸರ್ ರೋಗಿಯೊಬ್ಬರ ಅರ್ಜಿಯ ಮೇಲೆ ಗ್ವಾಲಿಯರ್‌ನ ಟವರೊಂದನ್ನು ನಿಲ್ಲಿಸಿತು. 2021ರಲ್ಲಿ 5ಜಿ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋದ ನಟಿ ಜೂಹಿ ಚಾವ್ಲಾ ಮತ್ತಿತರರಿಗೆ 20 ಲಕ್ಷ ರೂಪಾಯಿ ದಂಡ ಬಿತ್ತು. ಮರುವರ್ಷ ಅದನ್ನು 2 ಲಕ್ಷಕ್ಕೆ ಇಳಿಸಲಾಯಿತು. ಸರ್ಕಾರ 2012ರ ಸೆಪ್ಟೆಂಬರ್ 1ರಿಂದ ಟವರ್ ತರಂಗದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತ್ತು, ಹ್ಯಾಂಡ್‌ಸೆಟ್‌ಗಳಿಗೆ ಕಿಲೋಗ್ರಾಂಗೆ 1.6 ವಾಟ್ ಎಂದು ಗೊತ್ತುಪಡಿಸಿತ್ತು. ಮಿತಿ ಹಾಕಿದರೆ ಸಾಲದು, ಅಳೆಯಬೇಕು. 2023ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್ ಅಂಗಡಿಯಿಂದ ತಂದ ಐಫೋನ್ 12 ಅನ್ನು ತಾನೇ ಪರೀಕ್ಷಿಸಿ, ಮಿತಿ ಮೀರಿದೆಯೆಂದು ಮಾರಾಟ ನಿಲ್ಲಿಸಿತು. ಕಂಪನಿ ತಂತ್ರಾಂಶ ತಿದ್ದಿಕೊಟ್ಟಿತು. ಯಾರಿಗೂ ಕ್ಯಾನ್ಸರ್ ಬಂದಿತೆಂದು ಫ್ರಾನ್ಸ್ ಹೇಳಲಿಲ್ಲ. ನಿಯಮವೆಂದರೆ ನಿಯಮ ಎಂದಿತು.

ಮಕ್ಕಳ ಬಗ್ಗೆ ಪೋಷಕರ ಕಳವಳ ಬೇರೆಯೇ ತೂಕದ್ದು. 10ರಿಂದ 24 ವರ್ಷದವರನ್ನು ಕುರಿತು ಭಾರತವೂ ಸೇರಿ 14 ದೇಶಗಳಲ್ಲಿ ನಡೆದ ‘ಮೊಬಿ-ಕಿಡ್ಸ್’ ಅಧ್ಯಯನದಲ್ಲಿ ಮೊಬೈಲ್‌ನಿಂದ ಗೆಡ್ಡೆ ಬಂದಿತೆನ್ನಲು ಆಧಾರ ಸಿಗಲಿಲ್ಲ. ಆದರೂ ಬಾಲ್ಯದಲ್ಲೇ ಆರಂಭವಾಗಿ ಐವತ್ತು ವರ್ಷ ನಡೆಯುವ ಬಳಕೆಯ ಲೆಕ್ಕ ಇನ್ನೂ ಯಾರ ಬಳಿಯೂ ಇರಲು ಸಾಧ್ಯವಿಲ್ಲ, ಅಷ್ಟು ವರ್ಷಗಳೇ ಆಗಿಲ್ಲ. ಇಯರ್‌ಫೋನ್ ಹಾಕಿಕೊಳ್ಳಿ, ಸಿಗ್ನಲ್ ದುರ್ಬಲವಾಗಿರುವಲ್ಲಿ ದೀರ್ಘ ಮಾತು ಬೇಡ ಎಂದು ಮೊಮ್ಮಕ್ಕಳಿಗೆ ನಾನೂ ಹೇಳುತ್ತೇನೆ. ಇದಕ್ಕೆ ಖರ್ಚಿಲ್ಲ.

ಆ ಐವತ್ತು ವರ್ಷಗಳ ಲೆಕ್ಕವನ್ನು ಇಡಬಲ್ಲ ಊರುಗಳಲ್ಲಿ ಬೆಂಗಳೂರೂ ಒಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕಾರ್ಯಕ್ರಮದಡಿ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಗರದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ, ಅಂದರೆ ಮೊಬೈಲ್ ಬರುವ 13 ವರ್ಷ ಮೊದಲಿನಿಂದ. ಕರೆಗಳ ನಿಮಿಷಗಳು ದೂರಸಂಪರ್ಕ ಕಂಪನಿಗಳ ದಾಖಲೆಯಲ್ಲಿವೆ. ಸಿ.ಟಿ., ಎಂಆರ್‌ಐ ಯಂತ್ರಗಳು ಹೆಚ್ಚಿದ್ದರಿಂದ ಪತ್ತೆಯಾಗುವ ಗೆಡ್ಡೆಗಳೂ ಹೆಚ್ಚುತ್ತವೆ ಎಂಬುದನ್ನು ಕಳೆದು ನೋಡಬಲ್ಲ ಸಂಖ್ಯಾಶಾಸ್ತ್ರಜ್ಞರು ಈ ಊರಿನಲ್ಲೇ ಇದ್ದಾರೆ. ಒಂದಷ್ಟು ಸಾವಿರ ಚಂದಾದಾರರ ಲಿಖಿತ ಒಪ್ಪಿಗೆ ಪಡೆದು, ಹೆಸರು ಅಳಿಸಿ, ಈ ಎರಡು ದಾಖಲೆಗಳನ್ನು ಜೋಡಿಸಲು ಡೆನ್ಮಾರ್ಕ್ ತೋರಿದ ದಾರಿಯಿದೆ. ಅಲ್ಲಿ ಬಿಟ್ಟುಹೋದ ಕಂಪನಿ ಫೋನುಗಳನ್ನು ಇಲ್ಲಿ ಸೇರಿಸಿಕೊಳ್ಳಬಹುದು. ಆರೋಗ್ಯ ಇಲಾಖೆ, ದೂರಸಂಪರ್ಕ ಇಲಾಖೆಗಳ ನಡುವೆ ಒಂದು ಕಡತ ಓಡಾಡಿದರೆ ಆಗುವ ಕೆಲಸ ಇದು.