ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ

ಜ್ವಾಲಾಮುಖಿಯ ಪಾಠವನ್ನು ನಾನು ಇಪ್ಪತ್ತೇಳು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಕಪ್ಪುಹಲಗೆಯ ಮೇಲೆ ಒಂದು ತ್ರಿಕೋನ, ನಡುವೆ ಒಂದು ಕೊಳವೆ, ತುದಿಯಲ್ಲಿ ಕೆಂಪು ಸೀಮೆಸುಣ್ಣದ ನಾಲ್ಕು ಗೆರೆ. ಅಲ್ಲಿಗೆ ಪಾಠ ಮುಗಿಯಿತು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಅದರ ಮೇಲೆ ಹತ್ತಿದರೆ ಕಾಲಿಗೆ ಏನು ಸಿಗುತ್ತೆ? ಕಲ್ಲಾ, ಮಣ್ಣಾ?" ಎಂದು ಕೇಳಿದ. "ಕಲ್ಲು" ಎಂದೆ. ಹೇಳಿದ್ದು ಊಹೆಯಿಂದ. ಅದು ಅವನಿಗೂ ತಿಳಿಯಿತೆಂದು ಕಾಣುತ್ತದೆ, ನಕ್ಕು ಕುಳಿತುಕೊಂಡ.

ಕಳೆದ ದಸರೆಯ ರಜೆಯಲ್ಲಿ ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕುವ ಅವಕಾಶ ಒದಗಿತು. ಬಿ.ಎಸ್ಸಿ. ಕೊನೆಯ ವರ್ಷದಲ್ಲಿರುವ ಮಗಳು ಎರಡು ವರ್ಷ ಹಟ ಹಿಡಿದು ನನ್ನನ್ನು ಇಂಡೊನೇಷ್ಯಾಕ್ಕೆ ಹೊರಡಿಸಿದಳು. ಬೆನ್ನಿಗೊಂದು ಚೀಲ, ಅದರಲ್ಲಿ ಎರಡು ಜೊತೆ ಬಟ್ಟೆ, ಒಂದು ಡಬ್ಬಿ ಹುರಿಗಡಲೆ ಚಟ್ನಿಪುಡಿ. ಇಷ್ಟೇ ನಮ್ಮ ಸಾಮಾನು. ಜಾವಾ ದ್ವೀಪದ ಯೋಗ್ಯಕರ್ತಾದಿಂದ ಹೊರಟು, ಪೂರ್ವಕ್ಕೆ ರೈಲು, ಬಸ್ಸು, ಹಡಗುಗಳಲ್ಲಿ ಸಾಗಿ, ಬಾಲಿಯನ್ನು ದಾಟಿ, ಲೊಂಬೊಕ್ ದ್ವೀಪದ ರಿಂಜಾನಿ ಜ್ವಾಲಾಮುಖಿಯನ್ನು ಹತ್ತುವುದು ಅವಳ ಯೋಜನೆ.

ಜಾವಾದ ರಸ್ತೆಯಲ್ಲಿ ಕಿಟಕಿಯ ಪಕ್ಕ ಕುಳಿತರೆ ಒಂದು ಶಂಕುವಿನಾಕಾರದ ಬೆಟ್ಟ ಮರೆಯಾಗುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ. ಈ ಸಾಲು ಆಕಸ್ಮಿಕವಲ್ಲ. ದ್ವೀಪಗಳ ದಕ್ಷಿಣಕ್ಕೆ ಸಮುದ್ರದ ತಳದ ಶಿಲಾಫಲಕ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ನೆಲದೊಳಕ್ಕೆ ಜಾರುತ್ತಿದೆ. ಜೊತೆಗೆ ನೀರನ್ನೂ ಒಯ್ಯುತ್ತದೆ. ನೀರು ಬೆರೆತ ಬಿಸಿ ಶಿಲೆ ಕಡಿಮೆ ಉಷ್ಣತೆಯಲ್ಲೇ ಕರಗುತ್ತದೆ. ಹಾಗೆ ಕರಗಿದ ಶಿಲಾಪಾಕದಲ್ಲಿ ಅನಿಲವೂ ಹೆಚ್ಚು, ಅಂಟೂ ಹೆಚ್ಚು. ಆದ್ದರಿಂದಲೇ ಅದು ಸಿಡಿಯುತ್ತದೆ. ನಮ್ಮ ಉತ್ತರ ಕರ್ನಾಟಕದ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಬಿರುಕುಗಳಿಂದ ಉಕ್ಕಿ ಹರಿದು ಹರಡಿದ ಲಾವಾ. ಅಲ್ಲಿನದು ಹರಿದ ಕಥೆ, ಇಲ್ಲಿನದು ಸಿಡಿದ ಕಥೆ.

ಜಾವಾದಿಂದ ಬಾಲಿಗೆ ಹಡಗಿನಲ್ಲಿ ಒಂದು ಗಂಟೆಯೂ ಹಿಡಿಯಲಿಲ್ಲ. ಆದರೆ ಇಳಿದಾಗ ಗಡಿಯಾರವನ್ನು ಒಂದು ಗಂಟೆ ಮುಂದಿಡಬೇಕಾಯಿತು. ಬಾಲಿ ಇರುವುದು ಬೇರೆ ಕಾಲವಲಯದಲ್ಲಿ. ಬಾಲಿಯಿಂದ ಲೊಂಬೊಕ್‌ಗೆ ಹೋಗುವ ಜಲಸಂಧಿಯಲ್ಲಿ ಇನ್ನೂ ದೊಡ್ಡ ಗಡಿಯೊಂದಿದೆ. 1856ರಲ್ಲಿ ಇದನ್ನು ದಾಟಿದ ಆಲ್‌ಫ್ರೆಡ್ ರಸೆಲ್ ವ್ಯಾಲೇಸ್, ಬಾಲಿಯ ಹಕ್ಕಿಗಳು ಆಚೆ ದಡದಲ್ಲಿ ಕಾಣದೆ, ಆಸ್ಟ್ರೇಲಿಯಾ ಕಡೆಯ ಕಾಕಟೂ ಗಿಳಿಗಳು ಕಾಣುವುದನ್ನು ಗಮನಿಸಿದರು. ಹಿಮಯುಗದಲ್ಲಿ ಸಮುದ್ರ ನೂರು ಮೀಟರಿಗೂ ಹೆಚ್ಚು ತಗ್ಗಿದಾಗಲೂ ಈ ಆಳವಾದ ಜಲಸಂಧಿ ಬತ್ತಿರಲಿಲ್ಲ.

ರಿಂಜಾನಿಯ ಎತ್ತರ 3,726 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಹತ್ತಿರ ಹತ್ತಿರ ಎರಡರಷ್ಟು. ಪಕ್ಕದಲ್ಲೇ ಸಮಾಲಾಸ್ ಎಂಬ ಇನ್ನೊಂದು ಶಿಖರವಿತ್ತು. 1257ರಲ್ಲಿ ಅದು ಸ್ಫೋಟಿಸಿ ಕುಸಿಯಿತು. ಆ ಸ್ಫೋಟದ ಗಂಧಕದ ಕುರುಹು ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿದ್ದರೂ, ಸ್ಫೋಟಿಸಿದ ಬೆಟ್ಟ ಇದೇ ಎಂದು ವಿಜ್ಞಾನಿಗಳು ಪ್ರಕಟಿಸಿದ್ದು 2013ರಲ್ಲಿ. ಕುಸಿದ ಗುಂಡಿಯಲ್ಲಿ ಈಗ ನೀಲಿ ಸರೋವರವಿದೆ. ಹೆಸರು ಸೆಗಾರಾ ಆನಕ್, ಎಂದರೆ ಸಾಗರದ ಮಗು. 'ಸೆಗಾರಾ' ನಮ್ಮ 'ಸಾಗರ'ವೇ.

ಸೆಂಬಾಲುನ್ ಹಳ್ಳಿಯಿಂದ ಮೊದಲ ದಿನ ನಡೆದು 2,639 ಮೀಟರ್ ಎತ್ತರದ ಅಂಚಿನಲ್ಲಿ ಗುಡಾರ ಹಾಕಿದೆವು. ನಮ್ಮ ಹೊರೆಯಾಳುಗಳು ಬಿದಿರಿನ ಅಡ್ಡೆ ಹೊತ್ತು, ಹವಾಯಿ ಚಪ್ಪಲಿಯಲ್ಲೇ ನಮ್ಮನ್ನು ಹಿಂದೆ ಹಾಕಿದರು. ರಾತ್ರಿ ಅನ್ನ ಉಣ್ಣುತ್ತ ಮಾರ್ಗದರ್ಶಿ 2018ರ ಜುಲೈ 29ರ ಭೂಕಂಪದ ಮಾತು ತೆಗೆದ. ಅಂದು ಬೆಟ್ಟ ಜರಿದು ನೂರಾರು ಚಾರಣಿಗರು ಮೇಲೆಯೇ ಸಿಕ್ಕಿಬಿದ್ದಿದ್ದರು. ಆಗ ನಾನು ಒಂದು ನಿಯಮ ಮಾಡಿದೆ: ಬೆಳಗ್ಗೆ ಆರು ಗಂಟೆಗೆ ಎಲ್ಲಿದ್ದರೂ ನಿಂತು ಲೆಕ್ಕ ಹಾಕಬೇಕು. ಲೆಕ್ಕ ಹೇಳಿದಂತೆ ಕೇಳಬೇಕು. ಮಗಳು ಒಪ್ಪಿದಳು.

ರಾತ್ರಿ ಎರಡಕ್ಕೆ ಹೊರಟೆವು. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಕಡಲತೀರದಲ್ಲಿ 27 ಇದ್ದರೆ ಶಿಖರದಲ್ಲಿ ಮೂರೋ ನಾಲ್ಕೋ. ಗಾಳಿಯ ಒತ್ತಡವೂ ಸಮುದ್ರಮಟ್ಟದಲ್ಲಿರುವುದರ ಮೂರನೇ ಎರಡು ಭಾಗಕ್ಕಿಂತ ಕಡಿಮೆ. ಇವೆಲ್ಲ ನನಗೆ ಬಾಯಿಪಾಠ. ಬಾಯಿಪಾಠ ಇಲ್ಲದಿದ್ದುದು ಕಾಲಡಿಯ ನೆಲ. ಅದು ಕಲ್ಲೂ ಅಲ್ಲ, ಮಣ್ಣೂ ಅಲ್ಲ. ಬೂದಿ ಬೆರೆತ ಸಡಿಲ ಜಲ್ಲಿ. ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ.

ಮಕ್ಕಳೇ, ಕಣದಲ್ಲಿ ರಾಗಿ ರಾಶಿ ಮಾಡುವುದನ್ನು ನೋಡಿದ್ದೀರಾ? ಎಷ್ಟೇ ಸುರಿದರೂ ರಾಶಿ ದೊಡ್ಡದಾಗುತ್ತದೆಯೇ ಹೊರತು ಅದರ ಓರೆ ಕಡಿದಾಗುವುದಿಲ್ಲ. ಕಾಳು ಕಾಳಿನ ನಡುವಿನ ಘರ್ಷಣೆ ಹಿಡಿದು ನಿಲ್ಲಿಸಬಲ್ಲ ಓರೆಗೆ ಒಂದು ಮಿತಿಯಿದೆ. ಒಣ ಮರಳಿಗೆ ಅದು ಸುಮಾರು 30ರಿಂದ 35 ಡಿಗ್ರಿ. ಸಡಿಲ ಜಲ್ಲಿಯ ಇಳಿಜಾರು ಆ ಮಿತಿಯ ಸಮೀಪದಲ್ಲೇ ನಿಂತಿರುತ್ತದೆ. ಅದರ ಮೇಲೆ ಕಾಲಿಟ್ಟರೆ ಜಾರದೆ ಇನ್ನೇನು?

ಆರು ಗಂಟೆಗೆ ನಿಂತೆವು. ಸೂರ್ಯ ಆಗಲೇ ಮೇಲೆ ಬಂದಿದ್ದ. ಮಾರ್ಗದರ್ಶಿಯ ಕೈಗಡಿಯಾರ 3,500 ಮೀಟರ್ ತೋರಿಸುತ್ತಿತ್ತು. ಉಳಿದದ್ದು 226. ಕಳೆದ ಒಂದು ಗಂಟೆಯಲ್ಲಿ ನಾನು ಏರಿದ್ದು ತೊಂಬತ್ತೇ ಮೀಟರ್. ಹಾಗಾದರೆ ಇನ್ನೂ ಎರಡೂವರೆ ಗಂಟೆ, ಆಮೇಲೆ ಇಳಿಯಬೇಕು. ನೀರು ಅರ್ಧ ಲೀಟರ್, ಮಂಡಿಯೊಳಗೆ ಸಣ್ಣ ನಡುಕ. ಲೆಕ್ಕ ಸ್ಪಷ್ಟವಾಗಿತ್ತು. "ಇಬ್ಬರೂ ಇಳಿಯೋಣ" ಎಂದೆ.

"ಅಪ್ಪಾ, ನೀವು ಹಾಕಿದ್ದು ನಿಮ್ಮ ಕಾಲಿನ ಲೆಕ್ಕ. ನನ್ನ ಕಾಲಿನ ಲೆಕ್ಕ ಬೇರೆ" ಎಂದಳು ಮಗಳು.

ನಿಜವೇ. ಆ ಒಂದು ಗಂಟೆಯಲ್ಲಿ ಅವಳು ನನಗಾಗಿ ಐದು ಸಲ ನಿಂತಿದ್ದಳು. ಅವಳ ಬಾಟಲಿಯಲ್ಲಿ ಒಂದು ಲೀಟರ್ ನೀರಿತ್ತು. ನಮ್ಮೊಂದಿಗೆ ಇಬ್ಬರು ಮಾರ್ಗದರ್ಶಿಗಳಿದ್ದರು. ಹಿರಿಯ ಅವಳ ಜೊತೆ ಹೋಗಲು ಸಿದ್ಧ, ಕಿರಿಯ ನನ್ನ ಜೊತೆ ಇಳಿಯಲು ಸಿದ್ಧ. ಬೇಡವೆನ್ನಲು ನನ್ನ ಬಳಿ ಭಯವೊಂದನ್ನು ಬಿಟ್ಟರೆ ಬೇರೆ ಕಾರಣವಿರಲಿಲ್ಲ. "ಏಳೂವರೆಗೆ ಎಲ್ಲಿದ್ದರೂ ತಿರುಗಬೇಕು" ಎಂದೆ. "ಆಗಲಿ" ಎಂದು ಹೊರಟಳು. ಸ್ವಲ್ಪ ಹೊತ್ತಿಗೆ ಅವಳ ಕೆಂಪು ಟೋಪಿ ಒಂದು ಚುಕ್ಕೆಯಾಯಿತು. ಮತ್ತೆ ಮಂಜು ಅದನ್ನೂ ಮುಚ್ಚಿತು.

ಸ್ವಲ್ಪ ಕೆಳಗೆ, ಬಂಡೆಯೊಂದರ ಮರೆಯಲ್ಲಿ ಕುಳಿತು ಕಾದೆ. ಅಷ್ಟು ಉದ್ದವಾದ ಪೀರಿಯಡ್ಡನ್ನು ನಾನು ಯಾವ ಶಾಲೆಯಲ್ಲೂ ಕಳೆದಿಲ್ಲ. ಎಂಟು ದಾಟಿ ಹತ್ತು ನಿಮಿಷಕ್ಕೆ ಮಂಜಿನೊಳಗಿಂದ ಜಲ್ಲಿ ಜಾರುವ ಸದ್ದು ಕೇಳಿತು. ಹಿಂದೆಯೇ ಕೆಂಪು ಟೋಪಿ.

"ಮುಟ್ಟಿದೆಯಾ?" ಎಂದೆ.

"ಇಲ್ಲ ಅಪ್ಪಾ. ಇನ್ನು ಮೂವತ್ತು ಮೀಟರ್ ಇತ್ತು. ಏಳೂವರೆ ಆಯಿತು."

"ಅಯ್ಯೋ, ಮೂವತ್ತೇ ಮೀಟರಾ!" ಎಂಬ ಮಾತು ನನ್ನ ಬಾಯಿಂದ ಹೊರಬಿದ್ದೇಬಿಟ್ಟಿತು. ಎರಡು ಗಂಟೆ ಮೊದಲು ಇಳಿಯೋಣ ಎಂದು ಗೋಗರೆದವನು ನಾನೇ. ತಿರುಗುವ ಹೊತ್ತನ್ನು ಗೊತ್ತುಮಾಡಿದವನೂ ನಾನೇ. ಅವಳು ನನ್ನ ಮುಖವನ್ನೇ ನೋಡುತ್ತ, "ತೊಂಬತ್ತೇಳು ಬಂದಾಗಲೂ ನೀವು ಹೀಗೇ ಅಂದಿದ್ರಿ. ಉಳಿದ ಮೂರು ಎಲ್ಲಿ ಹೋಯ್ತು ಅಂತ" ಎಂದಳು. ಕೋಪವಿರಲಿಲ್ಲ, ನಗುತ್ತಲೇ ಹೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಚಟ್ನಿಪುಡಿಯ ಡಬ್ಬಿ ತೆಗೆದು ಅವಳ ಮುಂದಿಟ್ಟೆ.

ಊರಿಗೆ ಬಂದು ಬೂಟು ಕೊಡವಿದಾಗ ಒಂದು ಚಿಟಿಕೆ ಕಪ್ಪು ಹರಳು ಉದುರಿತು. ಶಾಲೆಗೆ ಒಯ್ದು ಆ ಹುಡುಗನ ಕೈಗೆ ಭೂತಗನ್ನಡಿ ಕೊಟ್ಟೆ. ಬಹಳ ಹೊತ್ತು ನೋಡಿ, "ಸಾರ್, ಒಳಗೆಲ್ಲ ತೂತು ತೂತು" ಎಂದ. ಶಿಲಾಪಾಕದಲ್ಲಿದ್ದ ಅನಿಲದ ಗುಳ್ಳೆಗಳ ಗುರುತು ಅವು ಎಂದು ವಿವರಿಸಿದೆ. "ಅವತ್ತು ಕಲ್ಲು ಅಂದಿದ್ದೆ. ತಪ್ಪು ಹೇಳಿದ್ದೆನಪ್ಪ" ಎಂದೂ ಸೇರಿಸಿದೆ.

"ನೀವು ತುದಿ ಮುಟ್ಟಿದ್ರಾ ಸಾರ್?" ಎಂದು ಕೇಳಿದ.

"ಇಲ್ಲ. 226 ಮೀಟರ್ ಬಾಕಿ" ಎಂದೆ. ಈ ಸಲ ಉತ್ತರದಲ್ಲಿ ಊಹೆ ಇರಲಿಲ್ಲ.