ಜೀಪನ್ನು ಕೊಂಡರೆ ಸಾಲದು, ಸಾಕಬೇಕು

ಹೋದ ವರ್ಷ ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಚರ್ಚೆ ಎದ್ದಿತು. ತೀರ್ಥಹಳ್ಳಿ ಸೀಮೆಯಲ್ಲಿರುವ ನಮ್ಮ ತೋಟದ ಮನೆಗೆ 1988ರಲ್ಲಿ ಅಪ್ಪಯ್ಯ ತಂದ ಡೀಸಲ್ ಜೀಪು ಈಗಲೂ ಇದೆ. ಅದನ್ನು ಮಾರಿ, ಉಳಿದ ಹಣಕ್ಕೆ ಬ್ಯಾಂಕಿನಿಂದ ಸಾಲ ಮಾಡಿ, ಹೊಸದೊಂದನ್ನು ತರಬೇಕೆಂಬುದು ಅಣ್ಣನ ಮಗನ ಆಸೆ. ಅಣ್ಣನಿಗೆ ಮನಸ್ಸಿಲ್ಲ. "ಚಿಕ್ಕಯ್ಯ, ನೀವು ಓದಿದವರು, ನೀವೇ ಹೇಳಿ" ಎಂದು ಹುಡುಗ ನನ್ನ ಕಡೆ ತಿರುಗಿದ.

ನಾನು ಬೇಸಾಯಶಾಸ್ತ್ರದವನು, ಯಂತ್ರಶಾಸ್ತ್ರದವನಲ್ಲ. ಆದರೂ ಮಲೆನಾಡಿನ ತೋಟಗಳಿಗೆ ಭೇಟಿಯಿತ್ತಾಗಲೆಲ್ಲ ಗೊಬ್ಬರ, ರೋಗಗಳ ಮಾತು ಮುಗಿದ ಮೇಲೆ, ಅಂಗಳದಲ್ಲಿ ನಿಂತ ಜೀಪಿನ ಕಡೆಗೆ ಮಾತು ಹೊರಳುತ್ತದೆ. ಯಾವುದು ಬಾಳಿಕೆ ಬರುತ್ತದೆ, ಯಾವ ಕಂಪನಿಯದು ಒಳ್ಳೆಯದು ಎಂದು ಕೇಳುವವರೇ ಹೆಚ್ಚು. ಬಾಳಿಕೆಯ ದೊಡ್ಡ ಪಾಲು ಇರುವುದು ಕೊಂಡ ಮೇಲೆ ನಾವು ಅದನ್ನು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದರಲ್ಲಿ ಎಂದು ನಾನು ಉತ್ತರಿಸಿದರೆ ಕೇಳಿದವರಿಗೆ ಅಷ್ಟು ರುಚಿಸುವುದಿಲ್ಲ. ನಮ್ಮ ತರಬೇತಿಗಳಲ್ಲಿ ಟ್ರ್ಯಾಕ್ಟರು, ಟಿಲ್ಲರುಗಳ ವಿಷಯ ಬರುವಷ್ಟು ಜೀಪಿನ ವಿಷಯ ಬರುವುದೂ ಇಲ್ಲ. ಆದ್ದರಿಂದ ಅನುಭವದಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ವಾಹನ ಹುಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಮೆರಿಕದ ಸೈನ್ಯಕ್ಕಾಗಿ. ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಅದು ಹೊಲಕ್ಕೆ ಇಳಿಯಿತು. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆ ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಮಲೆನಾಡು, ಕೊಡಗುಗಳಲ್ಲಿ ಅದು ಬೇರೂರಿದ್ದಕ್ಕೆ ಕಾರಣ ಸರಳ. ಗಟ್ಟಿ ಚಾಸಿ, ಕಮಾನು ಪಟ್ಟಿ, ಎತ್ತರದ ಚಕ್ರ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ. ಜೊತೆಗೆ ಊರಿನ ಮೆಕ್ಯಾನಿಕ್ ಹತ್ತು ಪಾನೆಗಳಿಂದ ಬಿಚ್ಚಿ ಜೋಡಿಸಬಹುದಾದ ರಚನೆ. ಹೀಗಿದ್ದರೂ ಗಟ್ಟಿ ವಾಹನವೆಂದರೆ ಆರೈಕೆ ಬೇಡದ ವಾಹನ ಎಂದು ನಮ್ಮವರು ತಿಳಿದುಬಿಟ್ಟಿದ್ದಾರೆ. ನಾವೂ ಹಾಗೆಯೇ ತಿಳಿದಿದ್ದೆವು.

2009ರ ಜುಲೈ ತಿಂಗಳ ಒಂದು ರಾತ್ರಿ. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳೊಬ್ಬಳಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಕಾಣಿಸಿಕೊಂಡಿತು. ಮೂರು ದಿನದಿಂದ ಬಿಡದ ಮಳೆ. ಮನೆಯಿಂದ ಡಾಂಬರು ರಸ್ತೆಗೆ ಎರಡು ಕಿಲೋಮೀಟರು. ನಡುವೆ ಒಂದು ಹಳ್ಳ, ಹಳ್ಳ ದಾಟಿದ ಮೇಲೆ ಕಡಿದಾದ ಏರು. ಅಣ್ಣ ಜೀಪು ಹೊರಡಿಸಿದ, ನಾನು ಪಕ್ಕದಲ್ಲಿ ಕುಳಿತೆ. ಹಳ್ಳ ದಾಟಿತು. ಏರಿನಲ್ಲಿ ಹಿಂದಿನ ಚಕ್ರಗಳು ಕೆಸರಿನಲ್ಲಿ ಸುತ್ತತೊಡಗಿದವು. ಮುಂದಿನ ಚಕ್ರಗಳಿಗೂ ಬಲ ಕೊಡಲೆಂದು ಅಣ್ಣ ಸಣ್ಣ ಗೇರು ಕೋಲನ್ನು ಎಳೆದ. ಅದು ಅಲುಗಲಿಲ್ಲ. ಇಬ್ಬರೂ ಸೇರಿ ಎಳೆದರೂ ಅಲುಗಲಿಲ್ಲ. ಹಿಂದಿನ ಮಳೆಗಾಲ ಮುಗಿದ ಮೇಲೆ ಆ ಕೋಲನ್ನು ಯಾರೂ ಮುಟ್ಟಿಯೇ ಇರಲಿಲ್ಲ.

ಕಡೆಗೆ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಕಂಬಳಿ ಹೊದಿಸಿ, ನಾಲ್ಕು ಜನ ಏರು ಹತ್ತಿದೆವು. ಡಾಂಬರು ರಸ್ತೆಯಲ್ಲಿ ಇನ್ನೊಬ್ಬರ ವಾಹನ ಸಿಕ್ಕಿತು. ತಾಯಿ ಮಗು ಇಬ್ಬರೂ ಉಳಿದರು. ಆ ಹುಡುಗಿ ಈಗ ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ. ಮರುದಿನ ಮೆಕ್ಯಾನಿಕ್ ಜೀಪಿನ ಅಡಿಗೆ ಮಲಗಿ ಬಿಚ್ಚಿ ನೋಡಿದರೆ, ಗೇರಿನ ಪೆಟ್ಟಿಗೆಯಲ್ಲಿ ಯಾವ ದೋಷವೂ ಇರಲಿಲ್ಲ. ಕೋಲಿನ ಕೀಲಿನ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಒಂದು ಬೆರಳು ಗ್ರೀಸು, ತಿಂಗಳಿಗೊಮ್ಮೆ ಐದು ನಿಮಿಷ ಉಪಯೋಗ, ಇಷ್ಟಿದ್ದರೆ ಸಾಕಾಗಿತ್ತು. ಕಂಪನಿಯನ್ನು ದೂರುವಂತಿರಲಿಲ್ಲ, ಮೆಕ್ಯಾನಿಕ್‌ನನ್ನೂ ದೂರುವಂತಿರಲಿಲ್ಲ.

ಆದ್ದರಿಂದ ನಾಲ್ಕು ಚಕ್ರದ ಬಲವನ್ನು ಬೇಸಗೆಯಲ್ಲಿಯೂ ತಿಂಗಳಿಗೆ ಒಮ್ಮೆಯಾದರೂ ಹಾಕಿ, ಸ್ವಲ್ಪ ದೂರ ಓಡಿಸಬೇಕು. ಆದರೆ ಇದನ್ನು ಮಣ್ಣಿನ ಮೇಲೆ ಮಾಡಬೇಕೇ ಹೊರತು ಡಾಂಬರು ರಸ್ತೆಯ ಮೇಲಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ಹಳೆಯ ಮಾದರಿಯ ಜೀಪಿನಲ್ಲಿ ಮುಂದಿನ, ಹಿಂದಿನ ಆಕ್ಸಲುಗಳೆರಡನ್ನೂ ಒಂದೇ ವೇಗದಲ್ಲಿ ತಿರುಗುವಂತೆ ಬಿಗಿದುಬಿಡುವುದರಿಂದ ಈ ವ್ಯತ್ಯಾಸ ಎಲ್ಲಾದರೂ ತೀರಲೇಬೇಕು. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ತೀರಿಸಿಕೊಳ್ಳುತ್ತದೆ. ಡಾಂಬರಿನಲ್ಲಿ ಜಾರಲು ಎಡೆಯಿಲ್ಲ. ಆ ಬಿಗಿ ಪೂರ್ತಿ ಹಲ್ಲುಚಕ್ರಗಳ ಮೇಲೆ, ಕೀಲುಗಳ ಮೇಲೆ ಬೀಳುತ್ತದೆ. ಕೋಲು ಹಿಂದಕ್ಕೆ ಬರುವುದಿಲ್ಲ ಎಂದು ಒದೆಯುವವರನ್ನು ಕಂಡಿದ್ದೇನೆ. ಒದೆಯಬಾರದು. ನೇರವಾಗಿ ಸ್ವಲ್ಪ ಹಿಂದಕ್ಕೆ ನಡೆಸಿದರೆ ಬಿಗಿ ಸಡಿಲಾಗಿ ತಾನೇ ಬರುತ್ತದೆ. ಮುಂದೆ ಹೊಸ ಟಯರು, ಹಿಂದೆ ಸವೆದ ಟಯರು ಹಾಕುವುದರಿಂದಲೂ ಇದೇ ಹಾನಿ. ನಾಲ್ಕೂ ಒಂದೇ ಅಳತೆಯವು, ಹೆಚ್ಚುಕಡಿಮೆ ಒಂದೇ ಸವೆತದವು ಇರಬೇಕು.

ಇನ್ನು ಹಳ್ಳದ ವಿಷಯ. ಹಳ್ಳ ದಾಟಿದ ಜೀಪು ಆಗ ಚೆನ್ನಾಗಿಯೇ ಓಡುತ್ತದೆ. ತೊಂದರೆ ಕಾಣುವುದು ಆರು ತಿಂಗಳ ಮೇಲೆ. ಓಡಿ ಬಿಸಿಯಾದ ಆಕ್ಸಲು ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ತಣಿದು ಕುಗ್ಗುತ್ತದೆ. ಕುಗ್ಗಿದ ಗಾಳಿ ಹೊರಗಿನಿಂದ ಏನನ್ನಾದರೂ ಎಳೆದುಕೊಳ್ಳಲೇಬೇಕು. ಆಕ್ಸಲಿನ ಮೇಲಿರುವ ಉಸಿರುಕೊಳವೆ ತೆರೆದಿದ್ದು ನೀರಿಗಿಂತ ಮೇಲಿದ್ದರೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕೊಳವೆ ಮಣ್ಣಿನಿಂದ ಮುಚ್ಚಿಹೋಗಿದ್ದರೆ, ಇಲ್ಲವೇ ನೀರಿನಲ್ಲಿ ಮುಳುಗಿದ್ದರೆ, ನೀರನ್ನೇ ಎಳೆದುಕೊಳ್ಳುತ್ತದೆ. ಹಾಗೆ ನೀರು ಸೇರಿದ ಕೀಲೆಣ್ಣೆ ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗುತ್ತದೆ. ಬೇರಿಂಗು, ಹಲ್ಲುಗಳು ತುಕ್ಕು ಹಿಡಿಯುತ್ತವೆ. ಪರೀಕ್ಷೆ ಬಹಳ ಸುಲಭ. ಒಂದು ರಾತ್ರಿ ನಿಂತ ಜೀಪಿನ ಆಕ್ಸಲಿನ ಅಡಿಯ ಬಿರಡೆಯನ್ನು ಬೆಳಿಗ್ಗೆ ತುಸು ಸಡಿಲಿಸಿ ನೋಡಬೇಕು. ನೀರು ಎಣ್ಣೆಗಿಂತ ಭಾರವಾದ್ದರಿಂದ, ಒಳಗೆ ನೀರಿದ್ದರೆ ಮೊದಲು ಹೊರಬರುವುದು ಅದೇ. ಉಸಿರುಕೊಳವೆಗೆ ರಬ್ಬರು ನಳಿಗೆ ಸಿಕ್ಕಿಸಿ ಎತ್ತರಕ್ಕೆ ಕಟ್ಟಿಸಲು ಆಗುವ ಖರ್ಚು ಒಂದು ಊಟದ ಖರ್ಚಿನಷ್ಟು. ಹಳ್ಳ ದಾಟಿದೊಡನೆ ಬ್ರೇಕನ್ನು ನಾಲ್ಕಾರು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳುವುದನ್ನೂ ಮರೆಯಬಾರದು.

ತುಕ್ಕಿನ ಮಾತು ಬಂದರೆ ಅದು ನನ್ನ ಶಾಸ್ತ್ರಕ್ಕೂ ಸೇರಿದ ಮಾತು. ನಮ್ಮ ಜೀಪುಗಳನ್ನು ತಿನ್ನುತ್ತಿರುವುದು ಮಳೆ ಮಾತ್ರವಲ್ಲ, ನಾವು ಅದರಲ್ಲಿ ಸಾಗಿಸುವ ಸಾಮಗ್ರಿಗಳೂ ಹೌದು. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕ್ಲೋರೈಡ್ ಇರುತ್ತದೆ. ಅಡುಗೆ ಉಪ್ಪು ಕಬ್ಬಿಣಕ್ಕೆ ಮಾಡುವುದನ್ನೇ ಇದೂ ಮಾಡುತ್ತದೆ. ಯೂರಿಯಾ ಗಾಳಿಯ ತೇವವನ್ನು ಹೀರಿ ಹಲಗೆಯನ್ನು ಸದಾ ಒದ್ದೆಯಾಗಿಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮೈಲುತುತ್ತ. ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ತಿಳಿಯಲು ನಾವು ಅದರಲ್ಲಿ ಚಾಕು ಅದ್ದಿ ನೋಡುತ್ತೇವಲ್ಲ, ಸುಣ್ಣ ಸಾಲದಿದ್ದರೆ ಚಾಕಿನ ಮೇಲೆ ಕೆಂಪು ತಾಮ್ರ ಕೂರುತ್ತದೆ. ಅಷ್ಟು ತಾಮ್ರ ಕೂರಬೇಕಾದರೆ ಅಷ್ಟಕ್ಕೆ ತಕ್ಕ ಕಬ್ಬಿಣ ಕರಗಿರಬೇಕು. ಕೊಳೆರೋಗದ ಸಿಂಪರಣೆಯ ಕಾಲದಲ್ಲಿ ಜೀಪಿನ ಹಿಂಬದಿಯಲ್ಲಿ ಚೆಲ್ಲಿದ ಮೈಲುತುತ್ತದ ನೀರು ಚಾಕಿನ ಬದಲು ಜೀಪಿನ ನೆಲವನ್ನೇ ಕರಗಿಸುತ್ತಿರುತ್ತದೆ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬೇಡಿ ಎಂದು ನಾವು ಊರೂರಲ್ಲಿ ಹೇಳುತ್ತೇವೆ. ಅದೇ ರೈತರು ಅದೇ ಸಂಜೆ ಹರಿದ ಚೀಲವನ್ನು ಜೀಪಿನ ತಗಡಿನ ಮೇಲೆ ಹಾಕಿಕೊಂಡು ಬರುತ್ತಾರೆ. ನಾನೂ ತಂದಿದ್ದೇನೆ. ಗೊಬ್ಬರ, ಔಷಧಿಗಳನ್ನು ದಪ್ಪ ಟಾರ್ಪಾಲಿನ ಮೇಲಿಟ್ಟು ತರಬೇಕು. ಇಳಿಸಿದ ದಿನವೇ ನೆಲವನ್ನೂ ಚಾಸಿಯ ಒಳಮೂಲೆಗಳನ್ನೂ ಸಿಹಿನೀರಿನಿಂದ ತೊಳೆಯಬೇಕು.

ಈಗ ಅಣ್ಣನ ಮಗನ ಪ್ರಶ್ನೆಗೆ ಬರೋಣ. ಹಳೆಯದೇ ಶ್ರೇಷ್ಠವೆಂದು ಹೇಳುವವನು ನಾನಲ್ಲ. ಹೊಸ ವಾಹನಗಳ ಬ್ರೇಕು ಉತ್ತಮ, ಅಪಘಾತವಾದರೆ ಒಳಗಿದ್ದವರಿಗೆ ರಕ್ಷಣೆ ಹೆಚ್ಚು, ಹೊಗೆ ಕಡಿಮೆ. ಮಕ್ಕಳು ಮರಿಗಳನ್ನು ಕೂರಿಸಿಕೊಂಡು ದಿನವೂ ಘಾಟಿ ಇಳಿಯುವವರು ಹೊಸದನ್ನೇ ಕೊಳ್ಳಲಿ. ಆದರೆ ನಮ್ಮ ಜೀಪಿನ ಕೆಲಸ ಬೇರೆ. ದಿನಕ್ಕೆ ಎರಡು ಸಲ, ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ, ಸಣ್ಣ ಗೇರಿನಲ್ಲಿ ಎರಡು ಮೂರು ಕಿಲೋಮೀಟರು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ನಂತರ ಇಂಥ ಡೀಸಲ್ ವಾಹನಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಶೋಧಕವಿರುತ್ತದೆ. ಹಿಡಿದ ಮಸಿ ಸುಟ್ಟುಹೋಗಬೇಕಾದರೆ ಎಂಜಿನ್ ಚೆನ್ನಾಗಿ ಬಿಸಿಯಾಗಿ ಸಾಕಷ್ಟು ಹೊತ್ತು ಓಡಬೇಕು. ತೋಟದೊಳಗಿನ ಕುಂಟು ಓಟದಲ್ಲಿ ಆ ಬಿಸಿ ಏರುವುದೇ ಇಲ್ಲ. ಮಸಿ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತುತ್ತದೆ. ಅದನ್ನು ಊರಿನ ಪಾನೆಗಳು ಆರಿಸಲಾರವು. ಇದನ್ನು ವಾಹನದ ದೋಷವೆನ್ನಲಾಗದು. ಹೊಸದನ್ನು ಕೊಂಡವರು ಆಗಾಗ್ಗೆ ಅದನ್ನು ಹೆದ್ದಾರಿಗೆ ಒಯ್ದು ಬಿಡದೆ ಓಡಿಸಬೇಕಾಗುತ್ತದೆ. ಡ್ರಮ್ಮಿನಲ್ಲಿ ತಿಂಗಳುಗಟ್ಟಲೆ ಇಟ್ಟ ಡೀಸಲನ್ನು ಅದಕ್ಕೆ ಹಾಕಲೇಬಾರದು. ಅತಿ ಹೆಚ್ಚು ಒತ್ತಡದಲ್ಲಿ ಇಂಧನ ಚಿಮ್ಮಿಸುವ ಈಗಿನ ಎಂಜಿನ್‌ಗಳು ಒಂದು ಹನಿ ನೀರನ್ನೂ ಸಹಿಸವು.

ಇನ್ನೊಂದು ಎಚ್ಚರಿಕೆ. ಜೀಪಿನಂತೆ ಕಾಣುವುದೆಲ್ಲ ನಾಲ್ಕು ಚಕ್ರದ ಬಲದ್ದಲ್ಲ. 2020ರಲ್ಲಿ ಹೊಸ ರೂಪದಲ್ಲಿ ಬಂದ ಥಾರ್ ಕೂಡ 2023ರಿಂದ ಹಿಂದಿನ ಎರಡೇ ಚಕ್ರಗಳಿಗೆ ಬಲವಿರುವ ಮಾದರಿಯಲ್ಲಿಯೂ ಸಿಗುತ್ತದೆ. ಬೆಲೆ ಕಡಿಮೆಯೆಂದು ಮುಂಗಡ ಕೊಟ್ಟು, ಮಳೆಗಾಲ ಬಂದ ಮೇಲೆ ಸಣ್ಣ ಕೋಲನ್ನು ಹುಡುಕುವಂತಾಗಬಾರದು.

ಹಳೆಯದನ್ನು ಇಟ್ಟುಕೊಳ್ಳುವುದಕ್ಕೂ ಲೆಕ್ಕವಿದೆ. ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅನಂತರ 5 ವರ್ಷಕ್ಕೊಮ್ಮೆ ವಾಹನವನ್ನು ತೋರಿಸಿ ನವೀಕರಿಸಬೇಕು. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿಗೆ ಏರಿತು. ತೋಟದೊಳಗೆ ಮಾತ್ರ ಓಡುತ್ತದೆ ಎಂದು ವಿಮೆ ಕಟ್ಟದೆ, ನವೀಕರಿಸದೆ ಇಟ್ಟುಕೊಂಡವರು ಬೇಕಾದಷ್ಟು ಜನರಿದ್ದಾರೆ. ಕೆಲಸದಾಳುಗಳನ್ನು ಕೂರಿಸಿಕೊಂಡು ಡಾಂಬರು ರಸ್ತೆಗೆ ಬರುವ ದಿನ ಬಂದೇ ಬರುತ್ತದೆ, ಅಂದು ಅಪಘಾತವಾದರೆ ತೋಟವನ್ನೇ ಮಾರಬೇಕಾದೀತು.

ಬಯಲುಸೀಮೆಯ ಓದುಗರಿಗೂ ಒಂದು ಮಾತು. ಗದಗ, ವಿಜಯಪುರದ ಕಡೆಯ ಎರೆಭೂಮಿಯಲ್ಲಿ ಮಳೆ ಬಿದ್ದ ಮೇಲೆ ನಾಲ್ಕು ಚಕ್ರದ ಬಲವೂ ಹೆಚ್ಚು ಕೆಲಸಕ್ಕೆ ಬಾರದು. ಆ ಜಿಗುಟು ಮಣ್ಣು ಟಯರಿನ ಹಲ್ಲುಗಳ ನಡುವೆ ತುಂಬಿಕೊಂಡರೆ ಟಯರು ನುಣ್ಣಗಿನ ಉರುಳೆಯಾಗುತ್ತದೆ. ಎರಡರ ಬದಲು ನಾಲ್ಕೂ ಚಕ್ರ ಜಾರುತ್ತವೆ, ಅಷ್ಟೆ. ಅಲ್ಲಿ ಎರಡು ದಿನ ತಡೆದು ಹೊಲಕ್ಕೆ ಹೋಗುವುದೇ ಜಾಣತನ. ಗೌರವಕ್ಕಾಗಿ ಜೀಪು ಕೊಳ್ಳುವವರು ಕೊಳ್ಳಲಿ, ಆದರೆ ಅದನ್ನು ಬೇಸಾಯದ ಖರ್ಚಿಗೆ ಸೇರಿಸದಿರಲಿ.

ಮಲೆನಾಡಿನಲ್ಲಿ ಜೀಪಿನಷ್ಟೇ ಆರೈಕೆ ಬೇಕಾದದ್ದು ಅದು ಓಡುವ ದಾರಿ. ಒದ್ದೆ ಇಳಿಜಾರಿನಲ್ಲಿ ಸುತ್ತಿದ ಚಕ್ರ ಒಂದು ಗೆರೆ ಕೊರೆಯುತ್ತದೆ. ಮುಂದಿನ ಮಳೆ ಆ ಗೆರೆಯಲ್ಲೇ ಹರಿದು ಕೊರಕಲು ಮಾಡುತ್ತದೆ. ಮೇಲ್ಮಣ್ಣು ಹಳ್ಳ ಸೇರುತ್ತದೆ. ಮುಂದಿನ ವರ್ಷ ಅದೇ ಕೊರಕಲು ಜೀಪಿನ ಕಮಾನು ಪಟ್ಟಿಯನ್ನು ಮುರಿಯುತ್ತದೆ. ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ, ಅಲ್ಲಲ್ಲಿ ಚರಂಡಿ ತೆಗೆದು ನೀರನ್ನು ಪಕ್ಕಕ್ಕೆ ಬಿಟ್ಟರೆ ಮಣ್ಣೂ ಉಳಿಯುತ್ತದೆ, ಜೀಪೂ ಉಳಿಯುತ್ತದೆ. ಗಿಡದ ಬುಡದವರೆಗೂ ಜೀಪು ಓಡಿಸುವ ಹೊಸ ಚಾಳಿಯನ್ನಂತೂ ನಾನು ಒಪ್ಪಲಾರೆ. ಒದ್ದೆ ಮಣ್ಣಿನ ಮೇಲೆ ಭಾರದ ಚಕ್ರ ಹೋದರೆ ಮಣ್ಣು ಗಟ್ಟಿಯಾಗಿ, ಬೇರಿಗೆ ಗಾಳಿ ಹೋಗುವ ಸಂದುಗಳೇ ಮುಚ್ಚುತ್ತವೆ.

ಇಷ್ಟನ್ನೂ ಹೇಳಿ ಹುಡುಗನ ಮುಂದೆ ಅಣ್ಣನ ಪುಸ್ತಕವನ್ನು ಇಟ್ಟೆ. 2009ರ ಆ ರಾತ್ರಿಯ ನಂತರ ಅಣ್ಣ ಬರೆಯತೊಡಗಿದ ನೋಟು ಪುಸ್ತಕ ಅದು. ಎಣ್ಣೆ ಬದಲಾಯಿಸಿದ ದಿನ, ಗ್ರೀಸು ತುಂಬಿದ ದಿನ, ಓಡಿದ ಕಿಲೋಮೀಟರು, ಕೊಟ್ಟ ಹಣ ಎಲ್ಲವೂ ಅದರಲ್ಲಿವೆ. ಒಂದು ವರ್ಷದ ಖರ್ಚನ್ನು ಕೂಡಿ, ಪಕ್ಕದಲ್ಲಿ ಹೊಸ ವಾಹನದ ಸಾಲದ ಬಡ್ಡಿಯೊಂದನ್ನೇ ಬರೆದು ನೋಡು ಎಂದೆ. ಅವನು ರಾತ್ರಿ ಕುಳಿತು ಲೆಕ್ಕ ಹಾಕಿದ. ಬೆಳಿಗ್ಗೆ ಏನೂ ಹೇಳಲಿಲ್ಲ; ಜೀಪಿನ ಅಡಿಗೆ ಗೋಣಿ ಹಾಸಿ ಮಲಗಿ, ಮುಂದಿನ ಆಕ್ಸಲಿನ ಬಿರಡೆ ಎಲ್ಲಿದೆ ಎಂದು ತಂದೆಯನ್ನು ಕೇಳುತ್ತಿದ್ದ. ಈ ಸಲ ಮಳೆಗೆ ಮುಂಚಿನ ಎಣ್ಣೆ ಬದಲಾವಣೆ ಪುಸ್ತಕದಲ್ಲಿ ಅವನ ಕೈಬರಹದಲ್ಲಿದೆ. ಅದರ ಕೆಳಗೆ ನನ್ನ ಹೆಸರಿಗೂ ಒಂದು ಕೆಲಸ ಬರೆದಿದ್ದಾನೆ: ಹಳ್ಳದ ಏರಿಗೆ ಮೂರು ಅಡ್ಡ ಚರಂಡಿ, ಚಿಕ್ಕಯ್ಯ ರಜೆಗೆ ಬಂದಾಗ.